ಗುಡ್ಡದ ಮೇಲೆ ಇಳಿದ ದಿಬ್ಬಣ

೧೯೯೯ರಲ್ಲಿ ನಾನು ಶಾಲೆ ಬಿಟ್ಟೆ, ಒಂಬತ್ತನೇ ತರಗತಿಯ ಅರ್ಧದಲ್ಲಿ. ಆ ವರ್ಷ ಅಪ್ಪ ಮಾವಿನ ಮರದಿಂದ ಬಿದ್ದು ಸೊಂಟ ನೋಯಿಸಿಕೊಂಡಿದ್ದ. ಗದ್ದೆ ಹೂಡಲು ಜನ ಬೇಕಿತ್ತು, ನಾನು ಮನೆಯಲ್ಲಿ ಉಳಿದೆ. ಅಪ್ಪ ಎದ್ದು ಓಡಾಡುವ ಹೊತ್ತಿಗೆ ನನಗೂ ಪುಸ್ತಕಕ್ಕೂ ದೂರವಾಗಿತ್ತು. ಯಾರೂ ನನ್ನನ್ನು ಶಾಲೆ ಬಿಡಿಸಲಿಲ್ಲ, ಯಾರೂ ವಾಪಸ್ ಕಳಿಸಲೂ ಇಲ್ಲ. ಓದುಗರು ಅಯ್ಯೋ ಪಾಪ ಎನ್ನಲಿ ಎಂದು ಇದನ್ನು ಬರೆಯುತ್ತಿಲ್ಲ. ಎಲ್ಲಿಂದ ಹೊರಟವನು ಎಂಬುದು ಗೊತ್ತಿರಲಿ ಎಂದಷ್ಟೇ.

ನಮ್ಮೂರು ಯಲ್ಲಾಪುರ ತಾಲೂಕಿನ ನಂದೊಳ್ಳಿ ಬದಿಗೆ. ಸ್ವಲ್ಪ ದೊಡ್ಡವನಾದ ಮೇಲೆ ಶಿರಸಿಗೆ ಬಂದು ಒಂದು ಝೆರಾಕ್ಸ್ ಅಂಗಡಿಗೆ ಸೇರಿದೆ. ಅಂಗಡಿಗೆ ಕಂಪ್ಯೂಟರ್ ಬಂದಾಗ ಮಾಲೀಕರು ಊಟಕ್ಕೆ ಹೋಗುವುದನ್ನೇ ಕಾದು ಅದರ ಮುಂದೆ ಕೂರುತ್ತಿದ್ದೆ. ಮೊದಲು ಲಗ್ನಪತ್ರಿಕೆ ಟೈಪ್ ಮಾಡಲು ಕಲಿತೆ. ಆಮೇಲೆ ಇಂಟರ್ನೆಟ್ ಬಂತು. ಯಾವುದೇ ವೆಬ್ ಪುಟದ ಒಳಗೆ ಅದನ್ನು ಕಟ್ಟಿದ ಬರಹ ಇರುತ್ತದೆ, ಬೇಕಾದವರು ತೆರೆದು ನೋಡಬಹುದು ಎಂದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ. ಮರುದಿನದಿಂದ ಅದೇ ಕೆಲಸ. ಒಂದು ಸಾಲು ಅಳಿಸುವುದು, ಪುಟದಲ್ಲಿ ಏನು ಕೆಟ್ಟಿತು ನೋಡುವುದು, ಮತ್ತೆ ಸರಿ ಮಾಡುವುದು. ಕಿತ್ತು ಜೋಡಿಸಿಯೇ ಸೈಕಲ್ ರಿಪೇರಿ ಕಲಿಯುತ್ತಾರಲ್ಲ, ಹಾಗೆ ಕಲಿತೆ.

ಈಗ ನನ್ನದೇ ಅಂಗಡಿ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲೂಕುಗಳಿಂದ ಗಿರಾಕಿಗಳು ಬರುತ್ತಾರೆ. ಹೋಮ್‌ಸ್ಟೇ, ಮಂಗಲ ಕಾರ್ಯಾಲಯ, ನರ್ಸರಿ, ಹೀಗೆ ಯಾರಿಗೆ ಬೇಕೋ ಅವರಿಗೆ ವೆಬ್ ಪುಟ ಮಾಡಿಕೊಡುತ್ತೇನೆ. ಇತ್ತೀಚೆಗೆ ಮದುವೆಗೂ ಪುಟ ಬೇಕು ಎನ್ನುತ್ತಾರೆ. ಕಾಗದದ ಪತ್ರಿಕೆಯ ಮೂಲೆಯಲ್ಲಿ ಒಂದು ಚೌಕದ ಗುರುತು ಹಾಕುತ್ತೇವೆ, ಫೋನ್ ಹಿಡಿದರೆ ಪುಟ ತೆರೆಯುತ್ತದೆ.

ಆ ಪುಟಗಳಲ್ಲಿ ನನಗೆ ಅತಿ ಇಷ್ಟದ ಸಂಗತಿ ಐಫ್ರೇಮ್. ಗೊತ್ತಿಲ್ಲದವರಿಗೆ ಸರಳವಾಗಿ ಹೇಳುತ್ತೇನೆ. ನಮ್ಮ ಪುಟದಲ್ಲಿ ಒಂದು ಚೌಕಟ್ಟು ಹಾಕುತ್ತೇವೆ. ಅದರೊಳಗೆ ಬೇರೆ ಕಡೆಯ ಇನ್ನೊಂದು ಪುಟ ಬಂದು ಕೂರುತ್ತದೆ. ನಾವು ಬರೆಯುವುದು ಅದರ ವಿಳಾಸ, ಅಗಲ, ಎತ್ತರ ಇಷ್ಟೇ. ರಸ್ತೆಯ ಮ್ಯಾಪ್, ವಿಡಿಯೋ ಎಲ್ಲ ಹೀಗೆ ತೋರಿಸಬಹುದು. ನೋಡುವವರಿಗೆ ಎಲ್ಲವೂ ನಮ್ಮದೇ ಪುಟದಂತೆ ಕಾಣುತ್ತದೆ. ಮೊದಲ ಸಲ ನನ್ನ ಪುಟದೊಳಗೆ ಶಿರಸಿಯ ಮ್ಯಾಪ್ ಮೂಡಿದಾಗ ಅದನ್ನು ಬೆರಳಿನಿಂದ ಆಚೀಚೆ ಎಳೆದು ಎಷ್ಟೋ ಹೊತ್ತು ಆಟ ಆಡಿದ್ದೆ.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ನನ್ನ ಅಕ್ಕನ ಮಗಳು ರಂಜಿತಾಳ ಮದುವೆ ಗೊತ್ತಾಯಿತು. ಅಕ್ಕನನ್ನು ಕೊಟ್ಟದ್ದು ಶಿರಸಿಯಿಂದ ಮತ್ತಿಘಟ್ಟದ ರಸ್ತೆಯಲ್ಲಿ ಒಳಗೆ ಹೋದರೆ ಸಿಗುವ ಒಂದು ಸಣ್ಣ ಕೇರಿಗೆ. ಭಾವ ಗದ್ದೆ ಮಾಡುತ್ತಾನೆ, ಜೊತೆಗೆ ಹಿಟ್ಟಿನ ಗಿರಣಿ ಇದೆ. ಹುಡುಗ ಹಾನಗಲ್ ಕಡೆಯವನು. ಮದುವೆ ಮನೆಯಂಗಳದಲ್ಲೇ ಆಗಬೇಕು ಎಂದು ಭಾವನ ಹಟ.

"ಪತ್ರಿಕೆ ಜೊತೆ ಪುಟನೂ ನಾನೇ ಮಾಡ್ತೆ. ಇದು ನನ್ನ ಉಡುಗೊರೆ" ಎಂದೆ.

ಭಾವ ಎಲೆಗೆ ಸುಣ್ಣ ಹಚ್ಚುತ್ತಾ ನಕ್ಕ. "ಮಾಡು ಮಾರಾಯ. ಒಂಬತ್ತನೇ ಇಯತ್ತೆ ಮುಗಿಸದವ ಮಾಡಿದ್ದು ಅಂತ ಕೆಳಗೆ ಬರೀಬೇಡ ಮತ್ತೆ. ಬೀಗರು ಹೆದರಿ ಹೋದಾರು."

"ಹತ್ತನೇ ಇಯತ್ತೆ ಪಾಸಾದವರಿಗೆ ಫೋನ್ ಚಾರ್ಜ್ ಮಾಡೂಕೆ ಬತ್ತಿಲ್ಲ ಭಾವಾ" ಎಂದೆ ನಾನು. ಹತ್ತನೇ ಪಾಸಾದವನು ಆ ಮನೆಯಲ್ಲಿ ಭಾವನೊಬ್ಬನೇ. ಅಕ್ಕ ಒಳಗಿನಿಂದ ನಕ್ಕದ್ದು ಕೇಳಿಸಿತು.

ಪುಟ ಚೆನ್ನಾಗಿ ಮಾಡಿದೆ. ಮೇಲೆ ಗಣಪತಿ, ಕೆಳಗೆ ಹುಡುಗ ಹುಡುಗಿಯ ಹೆಸರು, ಮುಹೂರ್ತ. ಅದರ ಕೆಳಗೆ ಎರಡು ಐಫ್ರೇಮ್. ಒಂದರಲ್ಲಿ ರಂಜಿತಾ ಮಾಡಿಸಿದ ಪುಟ್ಟ ವಿಡಿಯೋ, ಇನ್ನೊಂದರಲ್ಲಿ ಮದುವೆ ಮನೆಯ ಮ್ಯಾಪ್. ಮ್ಯಾಪಿನ ಮೇಲೆ ಒತ್ತಿದರೆ ಇದ್ದ ಜಾಗದಿಂದ ಮನೆವರೆಗೆ ದಾರಿ ತೋರಿಸುತ್ತದೆ. ಹಾನಗಲ್ಲಿನವರು ಆ ಕಡೆ ಬಂದವರೇ ಅಲ್ಲ. ಕೇರಿಗೆ ಹೋಗುವ ತಿರುವಿನಲ್ಲಿ ಬೋರ್ಡಿಲ್ಲ, ಹಾಗಾಗಿ ಮ್ಯಾಪ್ ಬೇಕೇ ಬೇಕಿತ್ತು.

ಮ್ಯಾಪಿಗೆ ಮನೆಯ ಸರಿಯಾದ ಜಾಗ ಬೇಕಲ್ಲ. ಭಾವನಿಗೆ ಹೇಳಿದೆ, "ಫೋನಲ್ಲಿ ಲೊಕೇಶನ್ ಕಳ್ಸು. ನೀನು ನಿಂತ ಜಾಗದ್ದು." ಹೇಗೆ ಕಳಿಸುವುದು ಎಂದು ತೋರಿಸಿಯೂ ಕೊಟ್ಟೆ. ಮಾರನೆಯ ಬೆಳಿಗ್ಗೆ ಬಂತು. ಅದನ್ನೇ ಐಫ್ರೇಮಿನ ವಿಳಾಸದಲ್ಲಿ ಹಾಕಿದೆ. ಹಸಿರು ಬಣ್ಣದ ನಡುವೆ ಕೆಂಪು ಗುರುತು, ಪಕ್ಕದಲ್ಲಿ ಮತ್ತಿಘಟ್ಟದ ಹೆಸರು. ಆ ಕಡೆ ಮ್ಯಾಪಿನಲ್ಲಿ ಎಲ್ಲವೂ ಹಸಿರೇ. ಸರಿ ಇದೆ ಎಂದುಕೊಂಡೆ. ಅಲ್ಲಿಗೆ ಹೋಗುವ ದಾರಿ ತೋರಿಸು ಎಂದು ಒತ್ತಿ ನೋಡಲಿಲ್ಲ. ಅಕ್ಕನ ಮನೆಗೆ ಹೋಗಲು ಮ್ಯಾಪ್ ನೋಡುವ ತಮ್ಮ ಎಲ್ಲಿದ್ದಾನೆ? ಆ ದಾರಿಯಲ್ಲಿ ಕಣ್ಣು ಮುಚ್ಚಿ ಗಾಡಿ ಹೊಡೆದವನು ನಾನು.

ಮದುವೆಯ ದಿನ ಬೆಳಿಗ್ಗೆಯೇ ಅಂಗಳದಲ್ಲಿ ಚಪ್ಪರದ ಕೊನೆಯ ಕಂಬಕ್ಕೆ ಬಾಳೆ ಕಟ್ಟುತ್ತಿದ್ದರು. ಮುಹೂರ್ತ ಹನ್ನೆರಡಕ್ಕೆ ಮೊದಲೇ ಇತ್ತು. ದಿಬ್ಬಣ ಒಂಬತ್ತೂವರೆಗೆ ಬಂದು ತಿಂಡಿ ತಿನ್ನಬೇಕು ಎಂದು ಲೆಕ್ಕ. ನಮ್ಮ ಕಡೆಯ ರೂಢಿಯಂತೆ ದಿಬ್ಬಣ ಎದುರುಗೊಳ್ಳಲು ಇಬ್ಬರನ್ನು ಹಾರ ಕೊಟ್ಟು ರಸ್ತೆಯ ತಿರುವಿಗೆ ಕಳಿಸಿದ್ದರು. ಒಂಬತ್ತೂವರೆ ಆಯಿತು, ಹತ್ತಾಯಿತು. ತಿರುವಿಗೆ ಹೋದವರಿಂದ ಸುದ್ದಿಯಿಲ್ಲ. ಸ್ಕೂಟರ್ ಮೇಲೆ ಹೋಗಿ ನೋಡಿ ಬಂದವನು, "ಅಲ್ಲಿಗೆ ಒಂದು ಗಾಡಿನೂ ಬಂದಿಲ್ಲ. ಅವ್ರಿಬ್ರೂ ಹಾರ ಹಿಡ್ಕಂಡು ಮೋರಿ ಮೇಲೆ ಕೂತಿದ್ರು" ಎಂದ.

ಆ ಕೇರಿಯಲ್ಲಿ ಯಾವ ಮನೆಯಲ್ಲೂ ಮೊಬೈಲ್ ಸಿಗ್ನಲ್ ಇಲ್ಲ. ಇಡೀ ಅಂಗಳದಲ್ಲಿ ನೂರು ಫೋನ್ ಇತ್ತು, ಒಂದರಲ್ಲೂ ಗೆರೆ ಇರಲಿಲ್ಲ. ಬೀಗರಿಗೆ ಫೋನ್ ಮಾಡೋಣ ಎಂದರೆ ಆಗುವುದಿಲ್ಲ, ಅವರು ಮಾಡಿದರೂ ತಾಗುವುದಿಲ್ಲ. ಹೆಂಗಸರು ಗುಸುಗುಸು ಶುರು ಮಾಡಿದರು. ಅಕ್ಕ ನನ್ನನ್ನು ಅಡುಗೆ ಚಪ್ಪರದ ಹಿಂದೆ ಕರೆದು ಹೇಳಿದಳು, "ತಮಾ, ಅವ್ರ ದೊಡ್ಡಪ್ಪಂಗೆ ಮೊದ್ಲಿಂದನೂ ಈ ಸಂಬಂಧ ದೂರ ಅಂತ ಮನಸ್ಸಿರ್ಲಿಲ್ಲ. ಮುಹೂರ್ತ ತಪ್ಪೀರೆ ಅಷ್ಟೇ ನೆವ ಸಾಕು ಅವ್ರಿಗೆ. ಎಂತಾರೂ ಮಾಡಾ."

ಅಷ್ಟರಲ್ಲಿ ಪಕ್ಕದ ಮನೆಯ ಹೆಗಡೆಯವರು ಹಿತ್ತಲಿನ ಕಡೆಯಿಂದ ಪಂಚೆ ಎತ್ತಿ ಕಟ್ಟಿಕೊಂಡು ಹೆಚ್ಚುಕಡಿಮೆ ಓಡುತ್ತಲೇ ಬಂದರು. ಅವರು ಯಾರ ಜೊತೆಗೂ ತಮ್ಮ ಮನೆಮಾತನ್ನೇ ಆಡುವವರು.

"ತಮಾ, ನಿಂಗಳ ದಿಬ್ಬಣ ಎಂತಕ್ಕೆ ಗುಡ್ಡ ಹತ್ತಿ ಕೂತಿದ್ದು?"

"ಯಾವ ಗುಡ್ಡ ಹೆಗಡೇರೆ?"

"ಇದೇ ಗುಡ್ಡ, ಮನೆ ಹಿಂದಿಂದು! ಆನು ಫೋನ್ ಮಾಡಲೆ ಹೇಳಿ ಮೇಲೆ ಹೋಗಿದ್ದೆ. ನೋಡ್ತೆ, ದೊಡ್ಡ ಬಸ್ಸು ನಿಂತಿದ್ದು. ಮದುವೆ ಮಾಣಿ ಪೇಟ ಕಟ್ಕಂಡು ಬಂಡೆ ಮೇಲೆ ಕೂತಿದ್ದ. ಎಂಗೆ ಮೊದ್ಲು ಕಣ್ಣಿಗೇ ನಂಬಿಕೆ ಬಂಜಿಲ್ಲೆ."

ನನಗೆ ಒಂದೇ ಕ್ಷಣದಲ್ಲಿ ಎಲ್ಲವೂ ತಿಳಿಯಿತು. ಆ ಗುಡ್ಡದ ನೆತ್ತಿಯಲ್ಲಿ ಒಂದು ಚಪ್ಪಟೆ ಬಂಡೆ ಇದೆ. ಇಡೀ ಕೇರಿಗೆ ಸಿಗ್ನಲ್ ಸಿಗುವುದು ಆ ಬಂಡೆಯ ಮೇಲೆ ಮಾತ್ರ. ಯಾರಿಗೆ ಫೋನ್ ಮಾಡಬೇಕಾದರೂ, ಮೆಸೇಜ್ ಕಳಿಸಬೇಕಾದರೂ ಜನ ಅಲ್ಲಿಗೇ ಹತ್ತುತ್ತಾರೆ. ಭಾವನ ಕಡೆ ತಿರುಗಿ ಕೇಳಿದೆ, "ಭಾವಾ, ಆ ಲೊಕೇಶನ್ ಎಲ್ಲಿ ನಿಂತ್ಕಂಡು ಕಳ್ಸಿದ್ದೆ?"

"ಮತ್ತೆ ಎಲ್ಲಿಂದ ಕಳ್ಸೂದು?" ಎಂದ ಭಾವ. "ಬಂಡೆ ಮೇಲಿಂದ. ನೀ ನಿಂತ ಜಾಗದ್ದು ಕಳ್ಸು ಅಂದಿದ್ಯಲಾ?"

ಬೈಯುವ ಹಾಗೂ ಇರಲಿಲ್ಲ, ನಗುವ ಹಾಗೂ ಇರಲಿಲ್ಲ. ಆ ಕೇರಿಯ ಯಾರನ್ನು ಕೇಳಿದ್ದರೂ ಅದೇ ಬಂಡೆಯ ಮೇಲಿಂದ ಕಳಿಸುತ್ತಿದ್ದರು. ಗುಡ್ಡದ ಆಚೆ ಮಗ್ಗುಲಿಗೆ ಒಂದು ಮಣ್ಣಿನ ರಸ್ತೆ ಇದೆ. ಹಿಂದೊಮ್ಮೆ ಅಲ್ಲಿ ಮೊಬೈಲ್ ಟವರ್ ಹಾಕುತ್ತೇವೆ ಎಂದು ಯಾರೋ ಬಂದು ರಸ್ತೆ ಕಡಿದರು. ರಸ್ತೆ ಆಯಿತು, ಟವರ್ ಬರಲಿಲ್ಲ. ಮ್ಯಾಪ್ ಬಸ್ಸನ್ನು ನಮ್ಮ ತಿರುವಿಗಿಂತ ಮೊದಲೇ ಒಳಗೆ ತಿರುಗಿಸಿ ಆ ರಸ್ತೆಯಲ್ಲಿ ಹತ್ತಿಸಿತ್ತು. ನನ್ನ ಪುಟ ಹೇಳಿದಲ್ಲಿಗೇ ಅವರು ಬಂದಿದ್ದರು.

"ವಯಸ್ಸಾದವರು ಯಾರಾದ್ರೂ ಅದಾರಾ ಹೆಗಡೇರೆ?" ಎಂದು ಕೇಳಿದೆ.

"ಒಂದು ಅಜ್ಜಿ ಇದ್ದು. ಬಸ್ಸಿಂದ ಇಳೀತೇ ಇಲ್ಲೆ ಹೇಳಿ ಕೂತಿದ್ದು."

ಊಟದ ಚಪ್ಪರದಿಂದ ಒಂದು ಗಟ್ಟಿ ಪ್ಲಾಸ್ಟಿಕ್ ಕುರ್ಚಿ ಎತ್ತಿ ತಲೆ ಮೇಲಿಟ್ಟುಕೊಂಡೆ. ಚಪ್ಪರ ಕಟ್ಟಲು ಬಂದ ಇಬ್ಬರನ್ನು "ಬರ್ರಾ" ಎಂದು ಕರೆದುಕೊಂಡೆ. ಭಾವ ತಾನೂ ಬರುತ್ತೇನೆಂದ. "ನೀ ಹೆಣ್ಣಿನ ಅಪ್ಪ. ಅಂಗಳ ಬಿಡ್ಬೇಡ" ಎಂದು ನಿಲ್ಲಿಸಿದೆ. ಮನೆಯ ಹಿಂದಿನಿಂದ ಕಾಲುದಾರಿ ನೆಟ್ಟಗೆ ಮೇಲೆ ಹೋಗುತ್ತದೆ. ಹೊಸ ಬಿಳಿ ಪಂಚೆ ಮುಳ್ಳಿಗೆ ಸಿಕ್ಕಿ ಹರಿಯಿತು. ನಾನು ನಿಲ್ಲಲಿಲ್ಲ. ಈ ಮದುವೆ ನನ್ನ ಪುಟದಿಂದ ನಿಲ್ಲಬಾರದು, ತಲೆಯಲ್ಲಿ ಇದ್ದದ್ದು ಅದೊಂದೇ.

ಮೇಲೆ ಹೋಗಿ ನೋಡಿದರೆ ಹೆಗಡೆಯವರು ಹೇಳಿದ್ದಕ್ಕಿಂತ ದೊಡ್ಡ ಜಾತ್ರೆ. ಬಸ್ಸಿನ ನೆರಳಿನಲ್ಲಿ ರೇಷ್ಮೆ ಸೀರೆ ಉಟ್ಟ ಹೆಂಗಸರು ಸಾಲಾಗಿ ಕೂತಿದ್ದರು. ವಾಲಗದವರು ಡೋಲನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದರು. ಮದುಮಗ ಬಂಡೆಯ ಮೇಲೆ ಪೇಟ ತೊಡೆಯಲ್ಲಿಟ್ಟುಕೊಂಡು ಫೋನ್ ನೋಡುತ್ತಿದ್ದ. ಅಲ್ಲಿ ಸಿಗ್ನಲ್ ಮಾತ್ರ ಬಹಳ ಚೆನ್ನಾಗಿತ್ತು.

ಕುರ್ಚಿ ಹೊತ್ತು ಬಂದ ನನ್ನನ್ನು ನೋಡಿ ಬಸ್ಸಿನ ಡ್ರೈವರ್ ಹಲ್ಲು ಕಿರಿದ. "ಬಂತಪಾ, ಮದವಿ ಮನಿಯಿಂದ ಕುರ್ಚಿ ಬಂತು. ಚಪ್ಪರ ಹಿಂದ ಬರತೈತೇನ್ರೀ?"

ಹುಡುಗನ ದೊಡ್ಡಪ್ಪ ಎದ್ದು ಬಂದರು. ಎತ್ತರದ ಆಳು, ಹಳದಿ ರುಮಾಲು, ಜೋರು ಮೀಸೆ. "ಯಾರ್ರೀ ನೀವು?"

"ಹುಡುಗಿ ಸೋದರಮಾವ. ಪುಟ ಮಾಡಿದವ ನಾನೇ."

"ಹೌದೇನು? ಬರ್ರಿ, ಬರ್ರಿ, ಹಂಗಾರ ನಿಮ್ಮನ್ನ ನೋಡಬೇಕಾಗಿತ್ತು" ಎಂದರು. ಪಕ್ಕದಲ್ಲಿದ್ದ ಅಳಿಯನ ಕೈಯಿಂದ ಫೋನ್ ತೆಗೆದುಕೊಂಡು ನನ್ನ ಮೂಗಿನ ಹತ್ತಿರ ತಂದರು. "ನೋಡ್ರಿ ಇಲ್ಲಿ. ನಿಮ್ಮ ಪತ್ರಿಕ್ಯಾಗ ಕೆಂಪು ಗುರ್ತು ಇಲ್ಲೇ ಐತಿ, ಈ ಕಲ್ಲಿನ ಮ್ಯಾಲ. ಲಗ್ನ ಕಲ್ಲಿಗೆ ಮಾಡಿಕೊಡಾವ್ರೋ, ಹುಡುಗಿಗೋ?"

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. "ಯಜಮಾನ್ರೇ, ಗುರ್ತು ತಪ್ಪಿದ್ದು ಹೌದು. ಮನೆ ಈ ಗುಡ್ಡದ ಕೆಳಗೇ ಇದೆ. ಬಸ್ಸು ಸುತ್ತಿ ಬಂದ್ರೆ ಮುಹೂರ್ತ ತಪ್ತದೆ. ಕಾಲುದಾರಿಲಿ ಇಳಿದ್ರೆ ಬೇಗ ಮುಟ್ತೀವಿ. ಅಜ್ಜಿಗೆ ಕುರ್ಚಿ ತಂದಿದೀನಿ. ಹೊರಡೂದೇ" ಎಂದೆ.

ಅವರು ಕದಲಲಿಲ್ಲ. "ನಾವು ಇಳೀತೀವಿ, ಖರೆ. ನಮ್ಮ ಅಯ್ಯನೋರ ಕಾರು ಹಿಂದ ಬರಾಕತ್ತೈತಿ. ತಾಳಿ ಅವರ ಹಂತ್ಯಾಕ ಐತಿ. ಅದರ ಹಿಂದ ಇನ್ನೂ ನಾಕೈದು ಗಾಡಿ ಅದಾವು. ಅವರೂ ನಿಮ್ಮ ಪತ್ರಿಕಿ ನೋಡ್ಕೋತ ಇಲ್ಲಿಗೇ ಹತ್ತತಾರ. ಅಯ್ಯನೋರು ಇಲ್ಲಿ, ನಾವು ಅಲ್ಲಿ, ಮತ್ತ ಲಗ್ನ ಯಾರು ಮಾಡ್ತಾರ? ಅವರಿಗೆ ದಾರಿ ಸಿಗೂತನಕ ನಾನು ಹೆಜ್ಜಿ ಇಡಾಂಗಿಲ್ಲ. ಇಲ್ಲಾಂದ್ರ ಬಸ್ ತಿರಗಸ್ತೀನಿ, ಹಾನಗಲ್ಲಿಗೆ."

ಮದುಮಗ ತಲೆ ಎತ್ತಿ, "ದೊಡ್ಡಪ್ಪಾ…" ಎಂದ. "ನೀ ಸುಮ್ಕಿರು" ಎಂದರು ಅವರು.

ಕಾರಿಗೆ ಫೋನ್ ಹಚ್ಚಿಸಿದೆ. ತಾಗಿತು. ಕಾರು ಇನ್ನೂ ಶಿರಸಿ ಪೇಟೆಯಲ್ಲೇ ಇತ್ತು, ಹೂವಿನ ಹಾರ ತೆಗೆದುಕೊಳ್ಳಲು ನಿಲ್ಲಿಸಿದ್ದರು. ಓಡಿಸುತ್ತಿದ್ದವನು ಅವರ ಪುರೋಹಿತರಾದ ಅಯ್ಯನವರ ಮಗ. ನಾನು ಬಾಯಲ್ಲಿ ದಾರಿ ಹೇಳಲು ಶುರು ಮಾಡಿದೆ. ಸೇತುವೆ ದಾಟಿ, ಎರಡನೇ ತಿರುವು ಬಿಟ್ಟು, ಹುಣಸೆ ಮರದ ಹತ್ತಿರ ಎಡಕ್ಕೆ. ಅವನು ಅರ್ಧಕ್ಕೇ ತಡೆದ. "ಅಣ್ಣಾರ, ಬಾಯಿಲೆ ಹೇಳಿದ್ರ ನಮಗ ತಿಳಿಯಾಂಗಿಲ್ರೀ. ಇಲ್ಲಿ ಎಲ್ಲಾ ಗಿಡಾನೂ ಒಂದ ನಮೂನಿ ಕಾಣತಾವು. ಪತ್ರಿಕ್ಯಾಗ ಸರಿ ಮಾಡ್ರಿ, ನೋಡ್ಕೊಂಡ ಬರ್ತೀವಿ."

ಅವನು ಹೇಳಿದ್ದು ಸರಿಯಾಗಿತ್ತು. ಅವನೊಬ್ಬನಿಗಾದರೆ ಬೇರೆ ಗುರುತು ಕಳಿಸಬಹುದಿತ್ತು. ಆದರೆ ಹಿಂದೆ ಬರುವ ಗಾಡಿಗಳಲ್ಲಿ ಯಾರಿದ್ದಾರೆ, ಯಾರ ನಂಬರ್ ಏನು ಎಂದು ದೊಡ್ಡಪ್ಪನಿಗೂ ಪೂರ್ತಿ ಗೊತ್ತಿರಲಿಲ್ಲ. ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಪುಟ. ಪುಟವನ್ನು ಮತ್ತೆ ಯಾರಿಗೂ ಕಳಿಸಬೇಕಾಗಿಲ್ಲ. ಅದರೊಳಗಿನ ಐಫ್ರೇಮಿನ ವಿಳಾಸ ಬದಲಾಯಿಸಿದರೆ ಎಲ್ಲರ ಫೋನಿನಲ್ಲೂ ಮ್ಯಾಪ್ ಬದಲಾಗುತ್ತದೆ. ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತರೆ ಅದು ಮಕ್ಕಳಾಟದ ಕೆಲಸ. ಇಲ್ಲಿ ಕೈಯಲ್ಲಿದ್ದದ್ದು ಒಂದು ಫೋನ್, ಬೆವರಿದ ಹೆಬ್ಬೆರಳು, ನೆತ್ತಿಯ ಮೇಲೆ ಬಿಸಿಲು.

ಬಂಡೆಯ ಮೇಲೆ ಮದುಮಗನ ಪಕ್ಕದಲ್ಲಿ ಕೂತೆ. ಅವನು ತನ್ನ ಜರಿಯ ಶಲ್ಯ ಬಿಡಿಸಿ ಫೋನಿನ ಮೇಲೆ ನೆರಳಾಗುವ ಹಾಗೆ ಹಿಡಿದ. "ಮಾಮಾ, ಗಡಬಡಿ ಮಾಡಬ್ಯಾಡ್ರಿ. ಸಾವಕಾಶ ಮಾಡ್ರಿ" ಎಂದು ಮೆತ್ತಗೆ ಹೇಳಿದ. ಅವನು ನನ್ನನ್ನು ಮಾಮಾ ಎಂದದ್ದು ಅದೇ ಮೊದಲು.

ಮೊದಲು ಮ್ಯಾಪಿನಲ್ಲಿ ಮನೆ ಹುಡುಕಬೇಕು. ಆಕಾಶದಿಂದ ತೆಗೆದ ಚಿತ್ರ ತೆರೆದೆ. ಹೆಂಚಿನ ಮನೆಗಳು ಎಲ್ಲ ಒಂದೇ ತರ. ಕಣ್ಣೆತ್ತಿ ಕೆಳಗೆ ನೋಡಿದೆ. ಅಡುಗೆಯ ಹೊಗೆ ಏಳುವುದು ಕಾಣುತ್ತಿತ್ತು, ಅದರ ಎಡಕ್ಕೆ ಕೆರೆ, ಕೆರೆಯ ಮೂಲೆಗೆ ಗಿರಣಿಯ ತಗಡು. ಮತ್ತೆ ಫೋನ್ ನೋಡಿದೆ. ಕೆರೆ ಸಿಕ್ಕಿತು, ಮೂಲೆಯಲ್ಲಿ ಬೆಳ್ಳಗೆ ಹೊಳೆಯುವ ತಗಡು ಸಿಕ್ಕಿತು. ಅದರ ಪಕ್ಕದ ಅಂಗಳದ ಮೇಲೆ ಬೆರಳು ಒತ್ತಿ ಹಿಡಿದೆ. ಆ ಜಾಗವನ್ನು ಸೂಚಿಸುವ ಎರಡು ಉದ್ದನೆಯ ಸಂಖ್ಯೆಗಳು ಬಂದವು. ಡ್ರೈವರಿನ ಜೇಬಿನ ಪೆನ್ನು ಕೇಳಿ ಅಂಗೈ ಮೇಲೆ ಬರೆದುಕೊಂಡೆ.

ಆಮೇಲೆ ಪುಟದ ಕಡತ ತೆರೆದು ಐಫ್ರೇಮಿನ ಸಾಲು ಹುಡುಕಿದೆ. ಸಣ್ಣ ಪರದೆಯಲ್ಲಿ ಅದು ಮುಗಿಯದ ಹಾವಿನ ಹಾಗೆ ಉದ್ದ. ಹಳೆಯ ಎರಡು ಸಂಖ್ಯೆ ಅಳಿಸಿ ಹೊಸದನ್ನು ತುಂಬಬೇಕು, ಆಚೀಚಿನ ಒಂದು ಅಕ್ಷರವೂ ಅಳಿಯಬಾರದು. ದೊಡ್ಡಪ್ಪ ನನ್ನ ತಲೆಯ ಮೇಲೇ ನಿಂತಿದ್ದರು. "ಏನ್ರೀ ಇದು, ಫೋನ್ ತಿಕ್ಕೂದರಾಗ ಹೊತ್ತು ಹೋತು."

"ನೀವು ಬಂದಾಗಿದೆ ಯಜಮಾನ್ರೇ" ಎಂದೆ ತಲೆ ಎತ್ತದೆ. "ನಾ ಈಗ ಉಳಿದವರನ್ನ ಕರೀತಾ ಇದೀನಿ. ಒಂದು ಗಳಿಗೆ ಮಾತಾಡ್ಸಬೇಡಿ."

ಹಾಗೆ ಹೇಳಬಾರದಿತ್ತೇನೋ, ಬೀಗರ ಹಿರಿಯರು ಅವರು. ಆದರೆ ಕೆಲಸದ ಮೇಲೆ ಕೂತಾಗ ನನಗೆ ಬೇರೆ ಮಾತು ಬರುವುದಿಲ್ಲ. ಅವರೂ ಮೀಸೆ ತಿರುವುತ್ತಾ ಒಂದು ಹೆಜ್ಜೆ ಹಿಂದೆ ಸರಿದರು.

ಸೇವ್ ಮಾಡಿದೆ. ನನ್ನ ಫೋನಿನಲ್ಲಿ ಪುಟ ತೆರೆದೆ. ಗುರುತು ಕೆರೆಯ ಪಕ್ಕಕ್ಕೆ ಬಂದಿತ್ತು. ಈ ಸಲ ದಾರಿಯನ್ನೂ ಒತ್ತಿ ನೋಡಿದೆ. ಹುಣಸೆ ಮರದ ತಿರುವಿನಲ್ಲೇ ಒಳಗೆ ಬರುತ್ತಿತ್ತು. ಕಾರಿಗೆ ಫೋನ್ ಮಾಡಿದೆ.

"ಈಗ ನೋಡು ತಮ್ಮಾ."

"ನೋಡೀನ್ರೀ. ಹಳೇದ ಐತ್ರೀ. ಗುಡ್ಡದ ಮ್ಯಾಲೇ ತೋರಸ್ತೈತಿ."

ದೊಡ್ಡಪ್ಪ "ಆತು ಬಿಡ್ರಿ" ಎಂದು ಬಸ್ಸಿನ ಕಡೆ ತಿರುಗಿದರು. ಡ್ರೈವರ್ ಬೀಡಿ ಆರಿಸಿ ಎದ್ದ. ಆಗ ಹೊಳೆಯಿತು. ಕಾರಿನ ಹುಡುಗನ ಫೋನು ಮುಂಚೆ ತೆರೆದ ಪುಟವನ್ನೇ ಇಟ್ಟುಕೊಂಡು ತೋರಿಸುತ್ತಿದೆ, ಹೊಸದನ್ನು ತರಿಸಿಕೊಂಡಿಲ್ಲ.

"ಅದನ್ನ ಪೂರಾ ಮುಚ್ಚು. ಪತ್ರಿಕೆ ಮೇಲಿನ ಚೌಕದ ಗುರ್ತಿಗೆ ಫೋನ್ ಹಿಡಿದು ಮೊದ್ಲಿಂದ ತೆಗಿ. ತೆಗೆದ ಮೇಲೆ ಗುಂಡಗೆ ತಿರುಗಿದ ಬಾಣ ಅದೆ ನೋಡು, ಅದನ್ನ ಒತ್ತು."

ಆ ಕಡೆಯಿಂದ ಹೂವಿನ ಅಂಗಡಿಯ ಗದ್ದಲ ಕೇಳುತ್ತಿತ್ತು. ಯಾರೋ ಸೇವಂತಿಗೆಗೆ ಚೌಕಾಸಿ ಮಾಡುತ್ತಿದ್ದರು. ಮದುಮಗ ಶಲ್ಯ ಹಿಡಿದ ಕೈ ಇಳಿಸಿರಲಿಲ್ಲ.

"ಬ್ಯಾರೆ ಬಂತ್ರೀ!" ಎಂದು ಹುಡುಗ ಕೂಗಿದ. "ಒಂದು ಕೆರಿ ಐತಿ. ಕೆರಿ ದಂಡಿಗೆ ಗುರ್ತು."

"ಅದೇ ಮನೆ. ಬಾ. ತಿರುವಿನ ಮೋರಿ ಮೇಲೆ ಇಬ್ರು ಹಾರ ಹಿಡ್ಕಂಡು ಕೂತಿದಾರೆ. ಅವ್ರನ್ನ ನೋಡಿದ್ರೆ ದಾರಿ ಸರಿ ಅಂತ ಲೆಕ್ಕ."

ಮದುಮಗ ಫೋನ್ ಕಸಿದುಕೊಂಡು ಅದನ್ನೇ ದೊಡ್ಡಪ್ಪನ ಕಿವಿಗೆ ಹಿಡಿದ. ಅವರು ಕೇಳಿದರು, ಹ್ಞೂಂ ಎಂದರು, ಫೋನ್ ವಾಪಸ್ ಕೊಟ್ಟರು. ಆಮೇಲೆ ವಾಲಗದವರ ಕಡೆ ತಿರುಗಿ ಗದರಿದರು. "ಏಳ್ರೋ! ನಿದ್ದಿ ಮಾಡಾಕ ಬಂದೀರೇನು? ಬಾರಸ್ರಿ."

ನನ್ನ ಜೀವಮಾನದಲ್ಲಿ ಅಂಥ ದಿಬ್ಬಣ ನೋಡಿಲ್ಲ. ಗುಡ್ಡದ ನೆತ್ತಿಯಿಂದ ಕಾಲುದಾರಿಯಲ್ಲಿ ಮುಂದೆ ಡೋಲು, ಶಹನಾಯಿ. ಅದರ ಹಿಂದೆ ಮಿರಮಿರ ಮಿಂಚುವ ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಇಳಿಯುವ ಮದುಮಗ. ಹೆಂಗಸರು ಒಬ್ಬರ ಸೆರಗು ಒಬ್ಬರು ಹಿಡಿದು ಚೀರುತ್ತಾ, ನಗುತ್ತಾ ಬಂದರು. ಬಸ್ಸು ಅಲ್ಲೇ ಬಿಟ್ಟು ಡ್ರೈವರ್ ಅಜ್ಜಿಯ ಕುರ್ಚಿಯ ಒಂದು ಕಾಲು ಹಿಡಿದ. ಇನ್ನೊಂದು ನಾನು, ಹಿಂದಿನ ಎರಡು ಚಪ್ಪರದವರು.

ಅಜ್ಜಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದಳು. ಕಡಿದಾದ ಕಡೆ ಕಣ್ಣು ಮುಚ್ಚುವಳು, ಸಪಾಟಾದ ಕಡೆ ಬಾಯಿ ತೆರೆಯುವಳು. "ನನ್ನ ಲಗ್ನಕ್ಕ ಚಕ್ಕಡ್ಯಾಗ ಹೋಗಿದ್ದೆ. ಮೊಮ್ಮಗನ ಲಗ್ನಕ್ಕ ಪಲ್ಲಕ್ಕಿ ಬಂತು ನೋಡು. ಏ ತಮ್ಮಾ, ನೀ ಯಾರ ಪೈಕಿ?"

"ಹೆಣ್ಣಿನ ಕಡೆಯವ ಅಜ್ಜಿ. ದಾರಿ ತಪ್ಸಿದವ."

"ಹಂಗಾರ ಸರಿಯಾಗಿ ಹೊರು" ಎಂದಳು ಅಜ್ಜಿ.

ಕೆಳಗೆ ಅಂಗಳದಲ್ಲಿ ಎಲ್ಲರೂ ವಾಲಗದ ಸದ್ದು ಕೇಳಿ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು. ದಿಬ್ಬಣ ಬಂದದ್ದು ಕೊಟ್ಟಿಗೆಯ ಹಿಂದಿನಿಂದ. ಎಮ್ಮೆ ಬೆದರಿ ಹಗ್ಗ ಜಗ್ಗಿತು. ಅಕ್ಕ ಕಾಲು ತೊಳೆಯುವ ತಂಬಿಗೆ ಹಿಡಿದು ಓಡಿ ಬಂದು, "ಹಿತ್ಲ ಬದಿಯಿಂದ ಮದುಮಗನ್ನ ಒಳಗೆ ತಕಳ್ತ್ರನಾ? ಸುತ್ತಿ ಬರ್ಲಿ, ಸುತ್ತಿ ಬರ್ಲಿ!" ಎಂದು ಕೂಗಿದಳು. ಹಾಗಾಗಿ ಇಡೀ ದಿಬ್ಬಣ ಗೊಬ್ಬರದ ಗುಂಡಿ ಬಳಸಿ, ಬಚ್ಚಲ ಮನೆ ಸುತ್ತಿ, ಎದುರು ಬಾಗಿಲಿಗೆ ಹೋಗಿ, ಆಗಷ್ಟೇ ಬಂದವರ ಹಾಗೆ ಒಳಗೆ ಬಂತು. ಆರತಿ ಎತ್ತುವಾಗ ಅಕ್ಕನ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಅಯ್ಯನವರ ಕಾರು ಇನ್ನೂ ಬಂದಿರಲಿಲ್ಲ. ದೊಡ್ಡಪ್ಪ ಚಪ್ಪರದ ಮುಂದಿನ ಕಂಬಕ್ಕೆ ಆತು ರಸ್ತೆ ನೋಡುತ್ತಾ ನಿಂತರು, ಪಾನಕ ಕೊಟ್ಟರೂ ಕುಡಿಯಲಿಲ್ಲ. ನಾನು ಅವರ ಪಕ್ಕದಲ್ಲೇ ನಿಂತೆ. ಓಡಿಹೋಗಿ ತಿರುವಿನಲ್ಲಿ ನೋಡೋಣ ಎನಿಸಿತು, ಹೋಗಲಿಲ್ಲ. ನನ್ನ ಕೆಲಸ ಸರಿಯಾಗಿದ್ದರೆ ಅದು ಬರಬೇಕು. ಮನಸ್ಸಿನಲ್ಲೇ ಐಫ್ರೇಮಿನ ಆ ಸಾಲನ್ನು ಮೊದಲಿನಿಂದ ಕೊನೆವರೆಗೆ ಓದಿಕೊಂಡೆ. ತಪ್ಪು ಕಾಣಲಿಲ್ಲ.

ಧೂಳು ಎದ್ದಿತು. ಬಿಳಿ ಕಾರು ಬಂತು. ಅದರ ಹಿಂದೆ ಒಂದು ಟೆಂಪೋ, ಅದರ ಹಿಂದೆ ಇನ್ನೂ ಮೂರು ಗಾಡಿ. ಬೆಳಿಗ್ಗೆಯಿಂದ ಮೋರಿಯ ಮೇಲೆ ಕಾದು ಬೇಸತ್ತಿದ್ದ ನಮ್ಮ ಇಬ್ಬರು, ಮೊದಲು ಸಿಕ್ಕ ಕಾರಿನಲ್ಲಿ ಇರುವವನೇ ಮದುಮಗ ಎಂದುಕೊಂಡು ಅಯ್ಯನವರ ಕೊರಳಿಗೇ ಹಾರ ಹಾಕಿ ಕಳಿಸಿದ್ದರು. ಅವರು ಹಾರ ಹಾಕಿಕೊಂಡೇ ಇಳಿದರು. ಆಗ ದೊಡ್ಡಪ್ಪ ನಕ್ಕರು. ನಗುತ್ತಲೇ ನನ್ನ ಬೆನ್ನಿಗೆ ಒಂದು ಗುದ್ದಿದರು. ಈಗಲೂ ಆ ಗುದ್ದು ನೆನಪಿದೆ. ಮುಹೂರ್ತಕ್ಕೆ ಸರಿಯಾಗಿ ರಂಜಿತಾಳ ಕೊರಳಿಗೆ ತಾಳಿ ಬಿತ್ತು.

ಊಟದ ಪಂಕ್ತಿಯಲ್ಲಿ ಭಾವ ನನಗೆ ಹೋಳಿಗೆ ಬಡಿಸಲು ತಾನೇ ಬಂದ. ಒಂದು ಹಾಕಿದ, ಎರಡು ಹಾಕಿದ, ಸಾಕೆಂದರೂ ಮೂರನೆಯದು ಹಾಕಿದ. ನಮ್ಮ ಭಾವನ ಮೆಚ್ಚುಗೆ ಅದೇ.

ಮದುವೆ ಮುಗಿದ ವಾರ ನಾನು ಅಂಗಡಿಯಲ್ಲಿ ಕೂತು ಹಿಂದೆ ಮಾಡಿದ ಪುಟಗಳನ್ನೆಲ್ಲ ಒಂದೊಂದಾಗಿ ತೆರೆದೆ. ಪ್ರತಿಯೊಂದರಲ್ಲೂ ಮ್ಯಾಪಿನ ಐಫ್ರೇಮ್ ಇತ್ತು. ಪ್ರತಿಯೊಂದಕ್ಕೂ ಜಾಗವನ್ನು ಯಜಮಾನರೇ ಕಳಿಸಿದ್ದರು. ದಾರಿ ಒತ್ತಿ ನೋಡಿದೆ. ಸಿದ್ದಾಪುರ ಕಡೆಯ ಒಂದು ನರ್ಸರಿಯ ಗುರುತು ನೀರಿನ ಟ್ಯಾಂಕಿನ ಮೇಲಿತ್ತು. ಯಲ್ಲಾಪುರದ ಒಂದು ಹೋಮ್‌ಸ್ಟೇ ಬಸ್ ಸ್ಟಾಪಿನಲ್ಲಿತ್ತು. ಸೋಂದಾ ಬದಿಯ ಇನ್ನೊಂದು ಮನೆ ಯಾರದೋ ಗದ್ದೆಯ ನಡುವೆ ಬೆಳೆ ಕಾಯುವ ಅಟ್ಟದ ಮೇಲಿತ್ತು. ಎಲ್ಲೆಲ್ಲಿ ಸಿಗ್ನಲ್ ಸಿಗುತ್ತದೋ ಅಲ್ಲಲ್ಲಿ ನಿಂತು ಕಳಿಸಿದ್ದರು, ಯಾರೂ ಸುಳ್ಳು ಹೇಳಿರಲಿಲ್ಲ. ಆ ಪುಟಗಳನ್ನು ನಂಬಿ ಎಷ್ಟು ಜನ ಎಲ್ಲೆಲ್ಲಿ ಸುತ್ತಿದರೋ ದೇವರಿಗೇ ಗೊತ್ತು.

ಮಾರನೆಯ ಭಾನುವಾರದಿಂದ ಸ್ಕೂಟರ್ ತೆಗೆದೆ. ವಾರಕ್ಕೆ ಒಂದು ಕಡೆ, ಎರಡು ಕಡೆ. ಬಿಸಿಲು, ಆಮೇಲೆ ಮಳೆ, ಬಿಡಲಿಲ್ಲ. ಪ್ರತಿಯೊಂದು ಮನೆಗೂ ಹೋಗಿ, ಅಂಗಳದ ನಡುವೆ ನಿಂತು, ಜಾಗ ಗುರುತಿಸಿಕೊಂಡು ಬಂದು ಸರಿ ಮಾಡಿದೆ. "ಇಷ್ಟಕ್ಕೆ ಇಲ್ಲಿತನಕ ಬಂದ್ರಾ?" ಎಂದು ಕೆಲವರು ನಕ್ಕರು. ಇಷ್ಟಕ್ಕೇ ಬಂದೆ ಎಂದು ಹೇಳಿ ಚಹಾ ಕುಡಿದು ಬಂದೆ. ಬೇರೆಯವರ ಮ್ಯಾಪ್ ಆದರೂ ಅದು ಕೂತಿರುವುದು ನನ್ನ ಚೌಕಟ್ಟಿನಲ್ಲಿ. ಅದರೊಳಗೆ ಕಾಣುವುದಕ್ಕೆ ನಾನೇ ಜವಾಬ್ದಾರ. ಇದನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ, ಆ ಬಂಡೆ ಕಲಿಸಿತು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಶಿರಸಿಯಲ್ಲಿ ಒಂದು ಅಂಗಡಿ, ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಹಳೆಯ ಸ್ಕೂಟರ್, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮೂರು ತಾಲೂಕಿನಲ್ಲಿ ಮೂವತ್ತೊಂದು ಪುಟ, ಮತ್ತು ನಾನೇ ನಿಂತು ನೋಡಿ ಬಂದ ಮೂವತ್ತೊಂದು ಅಂಗಳ.